ಕೊನೆಯ ದಿನದ ಹಾಡು: ಮೊದಲು ಗಳಿಗೆ ಗೊತ್ತುಮಾಡಿ, ಆಮೇಲೆ ಹಾಡು ಆರಿಸಿ

ಪ್ರಶ್ನೆ: ನನಗೆ 71 ವರ್ಷ. ಯಜಮಾನರು ಹೋಗಿ 8 ವರ್ಷವಾಯಿತು. ಬೆಂಗಳೂರಿನ ಹನುಮಂತನಗರದಲ್ಲಿ ಮಗಳ ಜೊತೆ ಇದ್ದೇನೆ, ಮಗ ಟೊರಾಂಟೊದಲ್ಲಿದ್ದಾನೆ. 30 ವರ್ಷದಿಂದ ನಮ್ಮ ಬಡಾವಣೆಯ ಭಜನಾ ಮಂಡಳಿಯಲ್ಲಿ ಹಾಡುತ್ತಿದ್ದೇನೆ. ದೇವರನಾಮ, ಭಾವಗೀತೆ, ಹಳೆಯ ಸಿನಿಮಾ ಹಾಡು ಎಲ್ಲವೂ ನನಗೆ ಪ್ರಾಣ. ನಾನು ಹೋದ ದಿನ ಮನೆಯಲ್ಲಿ ಬರೀ ಅಳು, ಪಿಸುಮಾತು ಇರಬಾರದು, ನನಗೆ ಇಷ್ಟವಾದ ಹಾಡು ಕೇಳಿಸಬೇಕು ಎಂದು ಆಸೆ. ಮಾತೆತ್ತಿದರೆ ಸಾಕು, ಮಗಳು "ಬಿಡ್ತು ಅನ್ನಮ್ಮ" ಎಂದು ಬಾಯಿ ಮುಚ್ಚಿಸುತ್ತಾಳೆ. ಮೈದುನ ಶಾಸ್ತ್ರ ಬಿಡುವವರಲ್ಲ. 40 ಹಾಡಿನ ಪಟ್ಟಿ ಮಾಡಿಟ್ಟಿದ್ದೇನೆ. ವಿದ್ಯುತ್ ಚಿತಾಗಾರದಲ್ಲಿ ಹಾಡು ಹಾಕಬಹುದೇ? ಇದನ್ನೆಲ್ಲ ಉಯಿಲಿನಲ್ಲಿ ಬರೆಯಬಹುದೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ಉಯಿಲಿನಲ್ಲಿ ಬರೆಯಬೇಡಿ. ಉಯಿಲು ಆಸ್ತಿಯ ಕಾಗದ. ಅದನ್ನು ಬೀರುವಿನಿಂದ ಹೊರಗೆ ತೆಗೆಯುವ ಹೊತ್ತಿಗೆ ಸಾಮಾನ್ಯವಾಗಿ 13ನೇ ದಿನದ ವೈಕುಂಠ ಸಮಾರಾಧನೆಯೇ ಮುಗಿದಿರುತ್ತದೆ. ಬ್ಯಾಂಕ್ ಲಾಕರಿನಲ್ಲಿಟ್ಟರಂತೂ ಇನ್ನೂ ತಡ. ಯಾವ ಹಾಡು ಹಾಕಬೇಕೆಂಬ ಇಚ್ಛೆಗೆ ಕಾನೂನಿನ ಬಲವೂ ಇಲ್ಲ, ಮನೆಯವರು ನಡೆಸಿಕೊಟ್ಟರೆ ಉಂಟು. ಹಾಗಾಗಿ ನಿಮಗೆ ಬೇಕಾದ್ದು ಒಂದು ಪುಟದ ಕಾಗದ, ಮತ್ತು ಆ ದಿನ ಅದನ್ನು ಕೈಯಲ್ಲಿ ಹಿಡಿದು ಓಡಾಡಬಲ್ಲ ಒಬ್ಬ ಮನುಷ್ಯ. ಕಾಗದ ಹೇಗಿರಬೇಕು ಎಂಬುದನ್ನು ಮುಂದೆ ಬರೆದಿದ್ದೇನೆ.

40 ಹಾಡಿನ ಪಟ್ಟಿಯನ್ನು ಸದ್ಯ ಪಕ್ಕಕ್ಕಿಡಿ. ಈ ವಿಷಯದಲ್ಲಿ ಬಹಳ ಜನ ಎಡವುವುದೇ ಅಲ್ಲಿ: ಹಾಡು ಮೊದಲು ಆರಿಸುತ್ತಾರೆ, ಅದು ಯಾವ ಹೊತ್ತಿನಲ್ಲಿ, ಎಲ್ಲಿ, ಯಾರ ಕಿವಿಗೆ ಬೀಳುತ್ತದೆ ಎಂದು ಯೋಚಿಸುವುದಿಲ್ಲ. ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಗಳೆಲ್ಲ ಹೆಚ್ಚಾಗಿ ಇಂಗ್ಲೆಂಡಿನ ಪದ್ಧತಿಯವು. ಅಲ್ಲಿ ಚಿತಾಗಾರದೊಳಗೇ ಪ್ರಾರ್ಥನೆಯ ಕೋಣೆ ಇರುತ್ತದೆ, ಸುಮಾರು ಅರ್ಧ ಮುಕ್ಕಾಲು ಗಂಟೆಯ ಸಮಯ ಕೊಡುತ್ತಾರೆ, ಹಾಡು ಹಾಕುವ ವ್ಯವಸ್ಥೆ ಅವರದೇ. ಒಳಗೆ ಬರುವಾಗ ಒಂದು ಹಾಡು, ನಡುವೆ ಒಂದು, ಎದ್ದು ಹೋಗುವಾಗ ಒಂದು. ಮೂರು ಹಾಡಿಗೆ ಮುಗಿಯಿತು. ನಮ್ಮ ಊರಿನಲ್ಲಿ ಸಾವಿನ ದಿನ ನಡೆಯುವುದೆಲ್ಲ ಮನೆಯಲ್ಲಿ. ಚಿತಾಗಾರದ್ದು ಕೊನೆಯ ಹತ್ತು ನಿಮಿಷ. ಅಲ್ಲಿನ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ನಿಮ್ಮ ದಿನವನ್ನು ಮನೆ, ದೇಹ ಎತ್ತುವ ಹೊತ್ತು, ಗಾಡಿ, ಚಿತಾಗಾರ, ಸಮಾರಾಧನೆ ಎಂದು ಬಿಡಿಸಿ ನೋಡಬೇಕು. ಒಂದೊಂದಕ್ಕೂ ಬೇಕಾದ ಹಾಡು ಬೇರೆ, ಒಂದು ಕಡೆ ಹಾಡೇ ಬೇಡ, ಇನ್ನೊಂದು ಕಡೆ ಸ್ಪೀಕರ್ ಬೇಡ.

ಮೊದಲು ಮನೆ. ಬೆಳಗಿನ ಜಾವ ಹೋದವರನ್ನು ಮಧ್ಯಾಹ್ನ ಕರೆದೊಯ್ದರೆ 4ರಿಂದ 6 ಗಂಟೆ ದೇಹ ಮನೆಯಲ್ಲಿರುತ್ತದೆ. ಮಗ ಟೊರಾಂಟೊದಿಂದ ಬರಲಿ ಎಂದು ಕಾದರೆ ಒಂದೂವರೆ, ಎರಡು ದಿನವೂ ಆಗಬಹುದು. ಆಗ ಫ್ರೀಜರ್ ಬಾಕ್ಸ್ ತರಿಸುತ್ತಾರೆ, ಅದರ ಕಂಪ್ರೆಸರ್ ಹಳೆಯ ಫ್ರಿಜ್ಜಿನ ಹಾಗೆ ಗುಂಯ್‌ಗುಡುತ್ತಿರುತ್ತದೆ. ಜೊತೆಗೆ ಫ್ಯಾನು, ಪ್ಲಾಸ್ಟಿಕ್ ಕುರ್ಚಿಗಳ ಎಳೆದಾಟ, ನಿಲ್ಲದೆ ಬರುವ ಫೋನು. ಯಾರೋ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಮಂತ್ರ ಹೇಳುವ ಪುಟ್ಟ ಪೆಟ್ಟಿಗೆ ತಂದು ತಲೆಯ ಹತ್ತಿರ ಪ್ಲಗ್ಗಿಗೆ ಸಿಕ್ಕಿಸುತ್ತಾರೆ. ಅದರದೊಂದು ಶ್ರುತಿ, ನಿಮ್ಮ ಹಾಡಿನದು ಇನ್ನೊಂದು. ಎರಡೂ ಒಟ್ಟಿಗೆ ನಡೆದರೆ ಕೂತವರಿಗೆ ಕಿರಿಕಿರಿ, ಆದರೆ ಮಂತ್ರ ನಿಲ್ಲಿಸಿ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಹಾಡು ನಿಂತಾಗ ಮಾತ್ರ ಪೆಟ್ಟಿಗೆ ಹಾಕಿ ಎಂದು ನೀವೇ ಕಾಗದದಲ್ಲಿ ಬರೆದಿಟ್ಟರೆ ಆ ಇಕ್ಕಟ್ಟು ತಪ್ಪುತ್ತದೆ.

ನೋಡಲು ಬರುವವರು ಹತ್ತು ಹದಿನೈದು ನಿಮಿಷ ಕೂತು ಏಳುತ್ತಾರೆ. ಅವರಿಗೆ ಹಾಡಿನ ಅನುಕ್ರಮ ಗೊತ್ತಾಗುವುದೇ ಇಲ್ಲ. ಇಡೀ ಹೊತ್ತು ಅಲ್ಲೇ ಇರುವುದು ನಿಮ್ಮ ಮಗಳು. ಹಾಗಾಗಿ ಮನೆಯ ಹೊತ್ತಿನ ಹಾಡನ್ನು ಅವಳ ಕಿವಿಯಿಂದ ಆರಿಸಿ. ಸುಮಾರು 90 ನಿಮಿಷದ ಒಂದು ಕಟ್ಟು ಸಾಕು, ಐದಾರು ನಿಮಿಷದ 15 ಹಾಡು. 40 ನಿಮಿಷ ಹಾಕಿ 20 ನಿಮಿಷ ನಿಲ್ಲಿಸಬೇಕು. ನಿಲ್ಲಿಸದೆ ಹಾಕಿದರೆ ಎರಡನೆಯ ಗಂಟೆಯ ಹೊತ್ತಿಗೆ ಅದು ಸಂಗೀತವಾಗಿ ಉಳಿದಿರುವುದಿಲ್ಲ, ಫ್ಯಾನಿನ ಸದ್ದಿನ ಜೊತೆ ಸೇರಿಹೋಗುತ್ತದೆ. ಅಳಬೇಕೆನಿಸಿದವರಿಗೆ ಅಳಲು, ಮಾತಾಡಬೇಕಾದವರಿಗೆ ಮಾತಾಡಲು ಮೌನದ ಹೊತ್ತೂ ಬೇಕು. ವಿಷ್ಣು ಸಹಸ್ರನಾಮ ಹಾಕುವ ಆಸೆಯಿದ್ದರೆ ಅದೊಂದೇ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ, ಅದನ್ನು ಬೆಳಗಿನ ಮೊದಲ ಕಂತಿಗೆ ಇಡಿ.

ಇನ್ನು, ನಿಮಗೆ ಎಲ್ಲಕ್ಕಿಂತ ಪ್ರೀತಿಯಾದ ಹಾಡನ್ನು ಈ 90 ನಿಮಿಷದೊಳಗೆ ಸೇರಿಸಬೇಡಿ. ಇದನ್ನು ಒತ್ತಿ ಹೇಳಬೇಕು. ಸುತ್ತಿ ಸುತ್ತಿ ಬರುವ ಕಟ್ಟಿನಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಆ ದಿನ ಮತ್ತೆ ಮತ್ತೆ ಕೇಳಿದ ಹಾಡನ್ನು ನಿಮ್ಮ ಮಗಳು ಮುಂದೆ ಮದುವೆಮನೆಯಲ್ಲೋ ಕಾರಿನ ರೇಡಿಯೋದಲ್ಲೋ ಕೇಳಿದಾಗ ಎದ್ದು ಹೊರಗೆ ಹೋಗಬೇಕಾಗುತ್ತದೆ. ಸಾವಿನ ದಿನ ಕೇಳಿದ ಹಾಡು ಆ ದಿನಕ್ಕೇ ಅಂಟಿಕೊಂಡುಬಿಡುತ್ತದೆ. ಅವಳು ಮೊಮ್ಮಗುವನ್ನು ಮಲಗಿಸುವಾಗ ಹಾಡುವ ಹಾಡು, ಮನೆಯಲ್ಲಿ ಪ್ರತಿ ಶುಕ್ರವಾರ ಹೇಳುವ ಹಾಡು, ಅವಳ ಮದುವೆಯಲ್ಲಿ ನೀವು ಹಾಡಿದ ಹಾಡು, ಇವು ನಿಮಗೆ ಎಷ್ಟೇ ಇಷ್ಟವಾದರೂ ಅವಳಿಗೇ ಬಿಟ್ಟುಬಿಡಿ. 40ರ ಪಟ್ಟಿಯಲ್ಲಿ ಮೊದಲು ಗೆರೆ ಎಳೆಯಬೇಕಾದ್ದು ಇವಕ್ಕೆ.

ಎರಡನೆಯ ಗೆರೆ ಶಾಸ್ತ್ರದ್ದು. ನಿಮ್ಮ ಮೈದುನರ ಜೊತೆ ಜಗಳವಾಗದೆ ಇರಲಿ ಎಂದರೆ ನಾಗಸ್ವರ, ಶಹನಾಯಿ ಬೇಡ. ಎರಡೂ ಮಂಗಳವಾದ್ಯ, ಸೂತಕದ ಮನೆಯಲ್ಲಿ ಹಿರಿಯರಿಗೆ ಅದು ಕಿವಿಗೆ ಕಾದ ಎಣ್ಣೆ. ಕಚೇರಿಯ ಕೊನೆಗೆ ಹಾಡುವ ಮಂಗಳ, ಆರತಿ ಹಾಡು, ಮದುವೆಯ ಹಾಡುಗಳೂ ಬೇಡ. ವೀಣೆ, ಕೊಳಲು, ಪಿಟೀಲು ಒಂಟಿಯಾಗಿ ನುಡಿಸಿದ್ದಕ್ಕೆ ಯಾರ ತಕರಾರೂ ಇರುವುದು ಅಪರೂಪ. ದೇವರನಾಮಕ್ಕೂ ಇಲ್ಲ. ರಾಗದ ವಿಷಯದಲ್ಲಿ ಒಂದು ಮಾತು: ಶುಭಪಂತುವರಾಳಿ, ಮುಖಾರಿ, ಶಿವರಂಜಿನಿ ಎಂದು ದುಃಖದ ರಾಗಗಳನ್ನೇ ಸಾಲಾಗಿ ಜೋಡಿಸಬೇಡಿ. ದುಃಖ ಆ ಕೋಣೆಯಲ್ಲಿ ಬೇಕಾದಷ್ಟಿರುತ್ತದೆ, ಹಾಡು ಅದಕ್ಕೆ ಇನ್ನಷ್ಟು ಸುರಿಯಬೇಕಾಗಿಲ್ಲ. ನಿಧಾನದ ಮಧ್ಯಮಾವತಿ, ಮೋಹನ, ರೇವತಿ ಇವು ಕೂತವರ ಉಸಿರನ್ನು ಒಂದು ಹದಕ್ಕೆ ತರುತ್ತವೆ. ತನಿಯಾವರ್ತನ (ಮೃದಂಗದವರು ಒಂಟಿಯಾಗಿ ನುಡಿಸುವ ಭಾಗ) ಇರುವ ಕಚೇರಿ ರೆಕಾರ್ಡಿಂಗ್ ಹಾಕಬೇಡಿ. ಕಚೇರಿಯ ಕೊನೆಯ ಚಪ್ಪಾಳೆ ಕೇಳಿಸಿದರೆ ಇನ್ನೂ ಕೆಟ್ಟದ್ದು, ಅದನ್ನು ಕತ್ತರಿಸಿಯೇ ಇಡಬೇಕು.

ಸಿನಿಮಾ ಹಾಡಿನ ಆಸೆ ಬಿಡಬೇಡಿ, ಆದರೆ ಜಾಗ ಬದಲಾಯಿಸಿ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನ ಬೀದಿಬೀದಿಯಲ್ಲಿ ಫೋಟೊ ಇಟ್ಟು ಅವರ ಹಾಡು ಹಾಕಿದ್ದರು. ಅದು ಸರಿಯಾಗಿಯೇ ಇತ್ತು, ಏಕೆಂದರೆ ಹಾಡೇ ಅವರ ಗುರುತು. ಸಾಮಾನ್ಯ ಮನೆಯಲ್ಲಿ ಸಿನಿಮಾದ ದುಃಖದ ಹಾಡು ಹಾಕಿದರೆ ಕೇಳುವವರ ಕಣ್ಣಿಗೆ ಆ ಚಿತ್ರದ ದೃಶ್ಯ ಬರುತ್ತದೆ, ನೀವು ಬರುವುದಿಲ್ಲ. ಅದೇ ಹಾಡನ್ನು 13ನೇ ದಿನ ಅಥವಾ ಆಮೇಲಿನ ನುಡಿನಮನದಲ್ಲಿ, "ಅಮ್ಮ ಅಡುಗೆಮನೆಯಲ್ಲಿ ಇದನ್ನು ಗುನುಗುತ್ತಿದ್ದರು" ಎಂದು ಒಬ್ಬರು ಹೇಳಿ ಹಾಕಿದರೆ ಅದು ನಿಮ್ಮದಾಗುತ್ತದೆ.

ಪುರೋಹಿತರು ಬಂದು ಕೂತ ಮೇಲೆ ಎತ್ತುವವರೆಗೆ ಹಾಡು ಬೇಡ. ಅದು ಮಂತ್ರದ ಹೊತ್ತು. ಆಗ ಸ್ಪೀಕರಿನ ತಂತಿಯನ್ನೇ ಕಿತ್ತು ಒಳಗಿಡಲಿ, ಬರೀ ನಿಲ್ಲಿಸಿಟ್ಟರೆ ಯಾರದೋ ಕೈ ತಾಗಿ ನಡುವೆ ಶುರುವಾಗುತ್ತದೆ. ನಿಮ್ಮ ಮನೆಯ ಪುರೋಹಿತರನ್ನು ಈಗಲೇ ಒಮ್ಮೆ ಕೇಳಿ: "ನಿಮ್ಮ ಕೆಲಸ ಶುರುವಾಗುವ ಮುಂಚೆ ಮತ್ತು ಗಾಡಿಯಲ್ಲಿ ಭಜನೆ ಹಾಕಿದರೆ ಅಭ್ಯಂತರವೇ?" ಬಹುತೇಕರು ಇಲ್ಲ ಎನ್ನುತ್ತಾರೆ. ಅವರ ಬಾಯಿಂದ ಬಂದ ಒಂದು ಒಪ್ಪಿಗೆ ಮೈದುನರ ಹತ್ತು ಆಕ್ಷೇಪಣೆಗೆ ಉತ್ತರ.

ಗಾಡಿಯ ಹೊತ್ತನ್ನು ಜನ ಮರೆಯುತ್ತಾರೆ. ಹನುಮಂತನಗರದಿಂದ ಬನಶಂಕರಿ ಚಿತಾಗಾರ ದೂರವಲ್ಲ, ಆದರೆ ಸಂಜೆ 5ರ ಮೇಲೆ ಹೊರಟರೆ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಕೂತಿರಬೇಕಾಗಬಹುದು. ಶವವಾಹನದ ಹಿಂದೆ ಐದಾರು ಜನ ಮುಖ ನೋಡಿಕೊಂಡು ಕೂತಿರುತ್ತಾರೆ, ಎಂಜಿನ್ನಿನ ಸದ್ದು, ಹೊರಗಿನ ಹಾರ್ನು. ಇಲ್ಲಿ ಮೆಲ್ಲಗಿನ ಆಲಾಪ ಕೇಳಿಸುವುದೇ ಇಲ್ಲ. ಬಿಡುವಿಲ್ಲದೆ ಒಂದೇ ಮಟ್ಟದಲ್ಲಿ ಹರಿಯುವ ಸಾಮೂಹಿಕ ಭಜನೆ, ನಾಮಸಂಕೀರ್ತನೆ ಬೇಕು. ಬ್ಯಾಟರಿಯ ಸಣ್ಣ ಸ್ಪೀಕರನ್ನು ಸೀಟಿನ ಮೇಲೆ ಇಟ್ಟುಕೊಂಡು ಒಬ್ಬರು ಹಿಡಿದಿರಲಿ. ಗಾಡಿ ಹೊರಡುವ ಮುಂಚೆ ಡ್ರೈವರಿಗೆ ಒಂದು ಮಾತು ಹೇಳಿದರೆ ಸಾಕು.

ಈಗ ನಿಮ್ಮ ಮುಖ್ಯ ಪ್ರಶ್ನೆ, ಚಿತಾಗಾರ. ಹಾಡು ಹಾಕಬೇಡಿ ಎನ್ನುವ ಬೋರ್ಡು ಇಲ್ಲದಿದ್ದರೂ ಅಲ್ಲಿ ಸ್ಪೀಕರ್ ಬೇಡ ಎಂಬುದೇ ನನ್ನ ಸಲಹೆ. ಬನಶಂಕರಿ ಇರಲಿ, ವಿಲ್ಸನ್ ಗಾರ್ಡನ್ ಇರಲಿ, ನಿಮ್ಮ ಹಿಂದೆ ಇನ್ನೊಂದು ಮನೆಯವರು ತಮ್ಮ ದುಃಖ ಹೊತ್ತು ಕಾಯುತ್ತಿರುತ್ತಾರೆ, ನಿಮ್ಮ ಹಾಡನ್ನು ಅವರ ಮೇಲೆ ಹೊರಿಸುವ ಹಾಗಿಲ್ಲ. ಒಂದು ದೇಹ ಸುಡಲು ಗಂಟೆಯಿಂದ ಒಂದೂವರೆ ಗಂಟೆ ಬೇಕು, ಅಷ್ಟರೊಳಗೆ ಮುಂದಿನವರು ಬಂದಿರುತ್ತಾರೆ. ಕುಲುಮೆಯ ಗಾಳಿ ಊದುವ ಮೋಟಾರಿನ ಸದ್ದು ಜೋರು, ಎತ್ತರದ ಚಾವಣಿಯಲ್ಲಿ ಸಣ್ಣ ಸ್ಪೀಕರಿನ ಸದ್ದು ಪ್ರತಿಧ್ವನಿಸಿ ಮಾತು ಕಲಸಿಹೋಗುತ್ತದೆ. ಕೊನೆಯ ಶಾಸ್ತ್ರ ಮುಗಿದು ಬಾಗಿಲು ತೆರೆದು ಒಳಗೆ ಸರಿಸುವುದು ಕೆಲವೇ ಕ್ಷಣದ ಕೆಲಸ. ಅದಕ್ಕೆ ಸರಿಯಾಗಿ ಹಾಡಿನ ಯಾವುದೋ ಸಾಲು ಬರಬೇಕು ಎಂದು ಲೆಕ್ಕ ಹಾಕಿದವರ ಲೆಕ್ಕ ತಪ್ಪುತ್ತದೆ, ಆ ಗಳಿಗೆಯಲ್ಲಿ ಅವರು ಫೋನಿನ ಜೊತೆ ಒದ್ದಾಡುತ್ತಿರುತ್ತಾರೆ.

ಅಲ್ಲಿ ಬೇಕಾದ್ದು ಮನುಷ್ಯರ ಕಂಠ. 30 ವರ್ಷ ಜೊತೆಗೆ ಹಾಡಿದ ಮಂಡಳಿ ಇದೆ ಎಂದಿರಿ. ಬೇರೆಯವರಿಗೆ ಇಲ್ಲದ ಭಾಗ್ಯ ಅದು. ನಾಲ್ಕು ಜನ ದೇಹದ ಪಕ್ಕ ನಿಂತು, ಶಾಸ್ತ್ರ ಮುಗಿದ ಮೇಲೆ, ಕಡೆಯ ಸಲ ಮುಖ ನೋಡುವ ಹೊತ್ತಿನಲ್ಲಿ, ತಾಳ ತಂಬೂರಿ ಏನೂ ಇಲ್ಲದೆ, ಒಂದು ಪಲ್ಲವಿ ಎರಡು ಚರಣ ಹಾಡಿದರೆ 3 ನಿಮಿಷ. ಯಾವ ಸ್ಪೀಕರೂ ಅದಕ್ಕೆ ಸಮನಲ್ಲ. ನಿಮ್ಮ ಅತಿ ಪ್ರೀತಿಯ ಹಾಡನ್ನು ಉಳಿಸಿಡಬೇಕಾದ್ದು ಇಲ್ಲಿಗೆ. ಅದಕ್ಕೆ ಕೆಲವು ಎಚ್ಚರ ಬೇಕು. ಹಾಡು ಒಂದು ಸ್ಥಾಯಿಯೊಳಗೆ ಇರಲಿ, ಅತ್ತು ಕಟ್ಟಿದ ಗಂಟಲು ತಾರಸ್ಥಾಯಿಗೆ ಏರುವುದಿಲ್ಲ. ಮಾಮೂಲಿ ಶ್ರುತಿಗಿಂತ ಒಂದು ಸ್ವರ ಕೆಳಗೆ ಹಿಡಿಯಿರಿ. ಕನಿಷ್ಠ ಮೂವರು ಬೇಕು, ಒಬ್ಬರ ದನಿ ಒಡೆದಾಗ ಉಳಿದವರು ಎಳೆದುಕೊಂಡು ಹೋಗುತ್ತಾರೆ. ಹಾಡಿನ ಮೊದಲ ಸಾಲು ಎತ್ತಿಕೊಡುವವರು ಯಾರು ಎಂದು ಹೆಸರು ಬರೆಯಿರಿ. ಅದು ಮಗಳಾಗಿರಬಾರದು, ನಿಮ್ಮ ಅತಿ ಹತ್ತಿರದ ಗೆಳತಿಯೂ ಆಗಿರಬಾರದು, ಸ್ವಲ್ಪ ದೂರದ, ಗಟ್ಟಿ ಮನಸ್ಸಿನವರು ಬೇಕು. ಫೋನಿನ ತಂಬೂರಿ ಆ್ಯಪಿನಿಂದ ಅರ್ಧ ನಿಮಿಷ ಶ್ರುತಿ ಕೇಳಿ ಶುರುಮಾಡಿದರೆ ಸಾಕು. ಸಾಹಿತ್ಯವನ್ನು ದೊಡ್ಡ ಅಕ್ಷರದಲ್ಲಿ 15 ಪ್ರತಿ ಮುದ್ರಿಸಿ ಆ ಕಾಗದದ ಜೊತೆಗೇ ಇಡಿ. ಬಾಯಿಪಾಠ ಇರುವ ಹಾಡೂ ಆ ಹೊತ್ತಿಗೆ ಮರೆತುಹೋಗುತ್ತದೆ. ಹೆಂಗಸರು ಚಿತಾಗಾರಕ್ಕೆ ಬರುವುದಕ್ಕೆ ನಿಮ್ಮ ಮನೆಯಲ್ಲಿ ಆಕ್ಷೇಪ ಇದ್ದರೆ ಇದೇ ಮೂರು ನಿಮಿಷವನ್ನು ಮನೆಯ ಗೇಟಿನ ಹತ್ತಿರ, ದೇಹವನ್ನು ಗಾಡಿಗೆ ಏರಿಸುವ ಮುಂಚೆ ಮಾಡಬಹುದು. ಆ ಇನ್ನೊಂದು ದಾರಿಯನ್ನೂ ಕಾಗದದಲ್ಲಿ ಬರೆಯಿರಿ.

ನೇತ್ರದಾನಕ್ಕೆ ಬರೆದುಕೊಟ್ಟಿದ್ದರೆ ಹಾಡಿನ ಗಡಿಬಿಡಿಯಲ್ಲಿ ಅದು ಮರೆಯದಿರಲಿ, ಹೋದ 6 ಗಂಟೆಯೊಳಗೆ ಕಣ್ಣು ತೆಗೆಯಬೇಕು. ದೇಹದಾನವೇ ಆದರೆ ಚಿತಾಗಾರದ ಪ್ರಶ್ನೆಯೇ ಇಲ್ಲ, ಆ ಮೂರು ನಿಮಿಷದ ಹಾಡು ಮನೆಬಾಗಿಲಿನಲ್ಲೇ.

ಸಮಾರಾಧನೆಯ ದಿನ ಹಾಡಿಗೆ ನಿಜವಾದ ಜಾಗವಿದೆ. ಸೂತಕ ಕಳೆದಿರುತ್ತದೆ, ದೇವರನಾಮ ಹಾಡಿಸುವ ರೂಢಿಯೂ ಇದೆ. ಊಟಕ್ಕೆ ಮುಂಚಿನ ಮುಕ್ಕಾಲು ಗಂಟೆ ಒಳ್ಳೆಯ ಹೊತ್ತು. ಊಟ ಶುರುವಾದ ಮೇಲೆ ಹಾಡಿಸಿದರೆ ಎಲೆ, ಲೋಟ, ಬಡಿಸುವವರ ಕೂಗಿನ ನಡುವೆ ಹಾಡುವವರಿಗೆ ಅವಮಾನವಾದಂತೆ.

ನೀವೇ ಹಾಡಿದ್ದನ್ನು ರೆಕಾರ್ಡ್ ಮಾಡಿಡಬೇಕೆಂದು ಮನಸ್ಸಿನಲ್ಲಿದ್ದರೆ (ಹಾಡುವ ಎಲ್ಲರಿಗೂ ಈ ಆಸೆ ಇರುತ್ತದೆ) ಅದನ್ನೂ ಇದೇ ದಿನಕ್ಕೆ ಇಡಿ. ದೇಹ ಇನ್ನೂ ಕೋಣೆಯಲ್ಲಿರುವಾಗ ಅದೇ ದನಿ ಸ್ಪೀಕರಿನಿಂದ ಬಂದರೆ ಹತ್ತಿರದವರಿಗೆ ತಡೆದುಕೊಳ್ಳಲಾಗುವುದಿಲ್ಲ. ಹದಿಮೂರು ದಿನದ ಮೇಲೂ ಮಗಳು ಒಪ್ಪಿದರೆ ಮಾತ್ರ. ರೆಕಾರ್ಡ್ ಮಾಡಲು ಸ್ಟುಡಿಯೋ ಬೇಕಿಲ್ಲ. ಬೆಳಗಿನ 5ರ ಹೊತ್ತು, ರಸ್ತೆಯ ಸದ್ದು ಏಳುವ ಮುಂಚೆ, ಬಟ್ಟೆ ತುಂಬಿದ ಬೀರು, ದಪ್ಪ ಪರದೆ ಇರುವ ಮಲಗುವ ಕೋಣೆಯಲ್ಲಿ ಫ್ಯಾನ್ ಆರಿಸಿ ಕೂತುಕೊಳ್ಳಿ. ಫೋನು ಬಾಯಿಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲ, ಸ್ವಲ್ಪ ಓರೆಗೆ, ಇಲ್ಲದಿದ್ದರೆ ಪಕಾರ ಬಕಾರಗಳಲ್ಲಿ ಉಸಿರು ಬಡಿಯುತ್ತದೆ. ಇನ್ನೊಂದು ಫೋನಿನ ತಂಬೂರಿಯನ್ನು ಇಯರ್‌ಫೋನಿನಲ್ಲಿ ಒಂದೇ ಕಿವಿಗೆ ಹಾಕಿಕೊಳ್ಳಿ. ಹಾಡುವ ಮುಂಚೆ ಎರಡು ಮಾತಾಡಿ. ಮನೆಯವರು ಆಮೇಲೆ ಹುಡುಕಿ ಹುಡುಕಿ ಕೇಳುವುದು ಹಾಡಿಗಿಂತ ಆ ಎರಡು ಮಾತನ್ನೇ.

ಇನ್ನು ಯಂತ್ರದ ಮಾತು. ಎಲ್ಲವೂ ಸರಿಯಿದ್ದು ಆ ದಿನ ಕೆಡುವುದು ಇಲ್ಲೇ. ಮೊದಲನೆಯ ತಪ್ಪು, ಮಗಳ ಫೋನಿನಿಂದ ಬ್ಲೂಟೂತಿನಲ್ಲಿ ಹಾಕುವುದು. ಆ ದಿನ ಅವಳ ಫೋನಿಗೆ ಬಿಡುವೇ ಇರುವುದಿಲ್ಲ, ಪ್ರತಿ ಕರೆಗೂ ಹಾಡು ನಿಂತು ರಿಂಗ್‌ಟೋನ್ ಸ್ಪೀಕರಿನಲ್ಲಿ ಮೊಳಗುತ್ತದೆ. ಅವಳು ಫೋನ್ ಹಿಡಿದು ಹೊರಗೆ ಹೋದರೆ ಸುಮಾರು 10 ಮೀಟರಿಗೆ ಸಂಪರ್ಕ ಕಡಿಯುತ್ತದೆ. ಯೂಟ್ಯೂಬಿನಲ್ಲಿ ಹಾಕಿದರೆ ಎರಡು ಹಾಡಿನ ನಡುವೆ ಬಟ್ಟೆ ಸೋಪಿನ ಜಾಹೀರಾತು. ಹಾಡಿನ ಆ್ಯಪಿನಲ್ಲಿ ಡೌನ್‌ಲೋಡ್ ಮಾಡಿಟ್ಟಿದ್ದೂ ನಂಬಿಕೆಗೆ ಅರ್ಹವಲ್ಲ. ಉದಾಹರಣೆಗೆ ಸ್ಪಾಟಿಫೈನಲ್ಲಿ 30 ದಿನಕ್ಕೊಮ್ಮೆಯಾದರೂ ಆನ್‌ಲೈನ್ ಬರದಿದ್ದರೆ ಅವು ನಡೆಯುವುದಿಲ್ಲ, ಚಂದಾ ನಿಂತರೆ ಅವೂ ನಿಲ್ಲುತ್ತವೆ.

ಆದ್ದರಿಂದ ಹಾಡುಗಳನ್ನು ದುಡ್ಡು ಕೊಟ್ಟು ಕೊಂಡ ಫೈಲಾಗಿ, ಅಥವಾ ನಿಮ್ಮ ಸಿ.ಡಿ.ಗಳಿಂದ ಎಂಪಿ3 ಮಾಡಿಸಿ, ಪೆನ್‌ಡ್ರೈವಿಗೆ ಹಾಕಿಸಿ. ಪೆನ್‌ಡ್ರೈವ್ ಫ್ಯಾಟ್32 ಎಂಬ ಫಾರ್ಮ್ಯಾಟಿನಲ್ಲಿರಲಿ, ಸಣ್ಣ ಸ್ಪೀಕರುಗಳು ಬೇರೆಯದನ್ನು ಓದದೆ ಸುಮ್ಮನಿರುವುದುಂಟು. ಫೈಲುಗಳ ಹೆಸರನ್ನು 01, 02 ಎಂದು ಇಂಗ್ಲಿಷ್ ಅಕ್ಷರದಲ್ಲೇ ಶುರುಮಾಡಿ, ಕೆಲವು ಸ್ಪೀಕರುಗಳ ಪುಟ್ಟ ಪರದೆಯಲ್ಲಿ ಕನ್ನಡ ಅಕ್ಷರ ಚೌಕಗಳಾಗಿ ಕಾಣುತ್ತದೆ. ಕೆಲವು ಸ್ಪೀಕರುಗಳು ಹೆಸರಿನ ಕ್ರಮ ಬಿಟ್ಟು ಕಾಪಿ ಮಾಡಿದ ಕ್ರಮದಲ್ಲೇ ಹಾಡುತ್ತವೆ, ಹಾಗಾಗಿ ಒಂದೊಂದಾಗಿ ಅದೇ ಕ್ರಮದಲ್ಲಿ ಕಾಪಿ ಮಾಡಬೇಕು. ಹಳೆಯ ಕ್ಯಾಸೆಟ್ಟಿನ ಹಾಡು ಮೆಲ್ಲಗೆ, ಹೊಸ ರೆಕಾರ್ಡಿಂಗ್ ಜೋರು. ಎರಡು ಅಕ್ಕಪಕ್ಕ ಬಂದರೆ ಕೂತವರು ಬೆಚ್ಚಿಬೀಳುತ್ತಾರೆ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಹಾಡಿನ ಜೋರನ್ನು ಒಂದೇ ಮಟ್ಟಕ್ಕೆ ತರುವ ಲೌಡ್‌ನೆಸ್ ನಾರ್ಮಲೈಸೇಷನ್ ಎಂಬ ಆಯ್ಕೆ ಇದೆ. ಮೊಮ್ಮಕ್ಕಳಿಗೆ ಹೇಳಿ ಪ್ರತಿ ಹಾಡನ್ನೂ ಬೇರೆಬೇರೆಯಾಗಿ ತೆರೆದು ಮೈನಸ್ 16 ಎಲ್‌ಯುಎಫ್‌ಎಸ್‌ಗೆ (ಸದ್ದಿನ ಜೋರಿನ ಅಳತೆ) ತರಿಸಿ. ಎಲ್ಲವನ್ನೂ ಒಟ್ಟಿಗೆ ಜೋಡಿಸಿ ಮಾಡಿದರೆ ವ್ಯತ್ಯಾಸ ಹಾಗೇ ಉಳಿಯುತ್ತದೆ. ಹಾಡಿನ ಕೊನೆಗೆ ಐದು ಸೆಕೆಂಡು ಮೌನ ಸೇರಿಸಲಿ. ಗಂಡಸರು ಹಾಡಿದ್ದನ್ನು ಒಂದು ಗುಂಪು, ಹೆಂಗಸರು ಹಾಡಿದ್ದನ್ನು ಇನ್ನೊಂದು ಗುಂಪು ಮಾಡಿ ನಡುವೆ ವೀಣೆಯೋ ಕೊಳಲೋ ಇಟ್ಟರೆ ಶ್ರುತಿಯ ಜಿಗಿತ ಕಿವಿಗೆ ಹೊಡೆಯುವುದಿಲ್ಲ.

ಹಾಲ್‌ನಲ್ಲಿ 10ರಿಂದ 20 ವ್ಯಾಟಿನ ಸ್ಪೀಕರ್ ಧಾರಾಳ. ಫ್ರೀಜರ್ ಬಾಕ್ಸಿನ ಮೇಲಾಗಲಿ ಹಿಂದಾಗಲಿ ಇಡಬೇಡಿ, ಕಂಪ್ರೆಸರಿನ ಅದುರಾಟ ಸೇರಿಕೊಳ್ಳುತ್ತದೆ. ಎದುರಿನ ಗೋಡೆಯ ಕಪಾಟಿನ ಮೇಲೆ, ಕೂತವರ ತಲೆಗಿಂತ ತುಸು ಎತ್ತರಕ್ಕೆ ಇಡಿ. ಪಕ್ಕದಲ್ಲಿ ಕೂತವರ ಜೊತೆ ದನಿ ಎತ್ತರಿಸದೆ ಮಾತಾಡಲಾಗಬೇಕು, ಅದೇ ಸರಿಯಾದ ವಾಲ್ಯೂಮು. ವಾಲ್ಯೂಮಿನ ತಿರುಗುಗುಂಡಿಯ ಆ ಜಾಗಕ್ಕೆ ಉಗುರುಬಣ್ಣದ ಒಂದು ಚುಕ್ಕೆ ಇಟ್ಟು ಗುರುತು ಮಾಡಿ. ಹೊರಗೆ ಶಾಮಿಯಾನ ಹಾಕಿ ಧ್ವನಿವರ್ಧಕ ಕಟ್ಟಿಸುವುದಾದರೆ ಮಾತ್ರ ಕಾನೂನು ನೆನಪಿಡಬೇಕು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಹಾಕುವಂತಿಲ್ಲ, ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಆಸ್ಪತ್ರೆ, ಶಾಲೆಯ 100 ಮೀಟರಿನೊಳಗೆ ಇನ್ನೂ ಬಿಗಿ. ಹಾಡಿನ ಹಕ್ಕುಸ್ವಾಮ್ಯದ ಚಿಂತೆ ಬೇಡ, ಧಾರ್ಮಿಕ ವಿಧಿಯ ನಡುವೆ ಹಾಡುವುದಕ್ಕೆ, ಹಾಕುವುದಕ್ಕೆ 1957ರ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಆದರೆ ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡಿದರೆ ಅಲ್ಲಿನ ಯಂತ್ರಕ್ಕೆ ಈ ವಿನಾಯಿತಿ ತಿಳಿಯದು. ಧ್ವನಿ ಕಡಿಯಬಹುದು, ಪ್ರಸಾರವೇ ನಿಲ್ಲಬಹುದು.

ಮಗನಿಗೆ ಬರಲಾಗದಿದ್ದರೆ ವಿಡಿಯೋ ಕರೆಯಲ್ಲಿ ನೋಡುತ್ತಾನೆ. ವಾಟ್ಸಾಪ್, ಜೂಮ್ ಎರಡೂ ಮಾತನ್ನು ಉಳಿಸಿ ಮಿಕ್ಕಿದ್ದನ್ನು ಗದ್ದಲವೆಂದು ಅಳಿಸುತ್ತವೆ. ಅವನಿಗೆ ಹಾಡು ತುಂಡುತುಂಡಾಗಿ ಕೇಳುತ್ತದೆ. ಜೂಮಿನಲ್ಲಿ ಸಂಗೀತಕ್ಕೆಂದೇ ಇರುವ ಒರಿಜಿನಲ್ ಸೌಂಡ್ ಆಯ್ಕೆ ಹಾಕಿದರೆ ಸುಧಾರಿಸುತ್ತದೆ. ಅದಕ್ಕಿಂತ, ಆ ಹಾಡುಗಳ ಫೈಲನ್ನು ಈಗಲೇ ಅವನಿಗೂ ಕಳಿಸಿಡಿ, ಅವನ ಮನೆಯಲ್ಲಿ ಅವನೂ ಹಾಕಿಕೊಳ್ಳಲಿ. ಟೊರಾಂಟೊ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಇಲ್ಲಿ ಮಧ್ಯಾಹ್ನವಾದಾಗ ಅಲ್ಲಿ ಅವನೊಬ್ಬನೇ ಕತ್ತಲಲ್ಲಿ ಎದ್ದು ಕೂತಿರುತ್ತಾನೆ.

ಇದೇ ಪ್ರಶ್ನೆ ಇರುವ ಬೇರೆ ಮನೆಯವರಿಗೂ ಎರಡು ಮಾತು. ಲಿಂಗಾಯತರಲ್ಲಿ ವಿಮಾನ ಕಟ್ಟಿ ಕೂರಿಸಿ ಮೆರವಣಿಗೆಯಲ್ಲಿ ಕರೆದೊಯ್ಯುವಾಗ ವಚನ, ಭಜನೆಗೆ ದೊಡ್ಡ ಜಾಗವಿದೆ, ಹಾಗಾಗಿ ಯಾವ ವಚನ ಎಂದು ಬರೆದಿಟ್ಟರೆ ಸಾಕು. ಕ್ಯಾಥೊಲಿಕ್ ಮನೆಯವರು ಪೂಜೆಯೊಳಗೆ ಸಿನಿಮಾ ಹಾಡು ಕೇಳಬೇಡಿ, ಅಲ್ಲಿ ಆರಾಧನೆಯ ಗೀತೆಗಳಿಗೆ ಮಾತ್ರ ಜಾಗ. ಇಷ್ಟದ ಹಾಡನ್ನು ಹಿಂದಿನ ಸಂಜೆ ಮನೆಯ ಪ್ರಾರ್ಥನೆಗೆ ಇಟ್ಟುಕೊಳ್ಳಿ, ಗುರುಗಳನ್ನೂ ಗಾಯನವೃಂದವನ್ನೂ ಮೊದಲೇ ಕೇಳಿ. ಮುಸ್ಲಿಂ ಅಂತ್ಯಸಂಸ್ಕಾರದಲ್ಲಿ ವಾದ್ಯಕ್ಕೆ ಜಾಗವಿಲ್ಲ. ತಮಟೆ ಬೇಕೆನ್ನುವವರು ಕಲಾವಿದರಿಗೆ ಸಂಭಾವನೆಯನ್ನು ಮೊದಲೇ ಮಾತಾಡಿ, ಊಟ ನೀರಿನ ವ್ಯವಸ್ಥೆ ಮಾಡಿ. ತಲೆಮಾರುಗಳ ಕಾಲ ಬಿಟ್ಟಿಯಾಗಿ ಮಾಡಿಸಿಕೊಂಡ ಕೆಲಸ ಅದು, ಈಗಲೂ ಚೌಕಾಸಿ ಮಾಡುವುದು ಅನ್ಯಾಯ. ಚರ್ಮದ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿದರೆ ಮಾತ್ರ ನಾದ ಏಳುವುದು, ಗೇಟಿನ ಹೊರಗೆ ಅದಕ್ಕೊಂದು ಜಾಗ ಬಿಡಬೇಕು. ಮಳೆ ಬಂದರೆ ಚರ್ಮ ಸಡಿಲವಾಗಿ ಸದ್ದು ಸತ್ತುಹೋಗುತ್ತದೆ, ಆಗ ಫೈಬರಿನದೇ ಗತಿ.

ಕಾಗದ ಹೀಗಿರಲಿ, ಒಂದೇ ಪುಟ, ನಿಮ್ಮ ಕೈಬರಹದಲ್ಲಿ:

"ಮನೆಯಲ್ಲಿ: ಪೆನ್‌ಡ್ರೈವಿನ 01ರಿಂದ 15. ಮೆಲ್ಲಗೆ. 40 ನಿಮಿಷ ಹಾಕಿ 20 ನಿಮಿಷ ನಿಲ್ಲಿಸಿ. ರಾತ್ರಿ 10ಕ್ಕೆ ಪೂರ್ತಿ ಬಂದ್. ಮಂತ್ರದ ಪೆಟ್ಟಿಗೆ ಹಾಡು ನಿಂತಾಗ ಮಾತ್ರ.
ಪುರೋಹಿತರು ಕೂತಾಗ: ಏನೂ ಬೇಡ.
ಗಾಡಿಯಲ್ಲಿ: 16ರಿಂದ 20.
ಚಿತಾಗಾರದಲ್ಲಿ, ಆಗದಿದ್ದರೆ ಗೇಟಿನ ಹತ್ತಿರ: ಮಂಡಳಿಯವರು ಒಂದು ದೇವರನಾಮ. ಎತ್ತಿಕೊಡುವವರು ಇಂಥವರು. ಸಾಹಿತ್ಯದ ಪ್ರತಿ ಜೊತೆಗಿದೆ.
ಸಮಾರಾಧನೆಯ ದಿನ: 21, ನನ್ನ ದನಿ. ಮಗಳು ಒಪ್ಪಿದರೆ ಮಾತ್ರ.
ಬೇಡವಾದ್ದು: ನೇರ ಪ್ರಸಾರ, ಬೀದಿಗೆ ಮೈಕು.
ಹಾಡು ನೋಡಿಕೊಳ್ಳುವವರು: ಇಂಥವರು, ಫೋನ್ ನಂಬರ್. ಅವರು ಊರಲ್ಲಿ ಇಲ್ಲದಿದ್ದರೆ ಇಂಥವರು.
ಇದರಲ್ಲಿ ಯಾವುದು ನಡೆಯದಿದ್ದರೂ ನನಗೆ ಬೇಸರವಿಲ್ಲ."

ಕೊನೆಯ ಸಾಲನ್ನು ಬಿಡಬೇಡಿ. ಅದಿಲ್ಲದಿದ್ದರೆ ಕರೆಂಟ್ ಹೋಗಿ ಒಂದು ಹಾಡು ತಪ್ಪಿದ್ದಕ್ಕೆ ನಿಮ್ಮ ಮಗಳು ವರ್ಷಗಟ್ಟಲೆ ಕೊರಗುತ್ತಾಳೆ. ಹಾಡಿನ ಹೆಸರಿನ ಜೊತೆ ಹಾಡಿದವರ ಹೆಸರನ್ನೂ ಬರೆಯಿರಿ, ಒಂದೇ ದೇವರನಾಮಕ್ಕೆ ಹತ್ತು ಮಟ್ಟುಗಳಿರುತ್ತವೆ. ಒಂದು ಪ್ರತಿ ಹಾಡು ನೋಡಿಕೊಳ್ಳುವವರ ಕೈಗೆ, ಒಂದು ಮಂಡಳಿಗೆ, ಇನ್ನೊಂದು ಪೆನ್‌ಡ್ರೈವಿನ ಸಮೇತ ನಿಮ್ಮ ಆಧಾರ್ ಕಾರ್ಡ್ ಇಟ್ಟಿರುವ ಫೈಲಿನೊಳಗೆ. ಆ ದಿನ ಮನೆಯಲ್ಲಿ ಮೊದಲ ಗಂಟೆಯಲ್ಲೇ ಎಲ್ಲರೂ ಹುಡುಕುವುದು ಆಧಾರ್ ಕಾರ್ಡನ್ನು. ಮನೆಯಲ್ಲಿ ಹೋದವರಿಗೆ ವೈದ್ಯರು ಬರೆದುಕೊಡುವ 4ಎ ನಮೂನೆಯ ಪತ್ರ, ಆಧಾರ್ ಇಲ್ಲದೆ ಚಿತಾಗಾರದ ಕೆಲಸ ಮುಂದೆ ಸಾಗುವುದು ಕಷ್ಟ. ಬೀರು, ದೇವರಮನೆ, ಡೈರಿ ಎಲ್ಲಿಟ್ಟರೂ ಕಾಗದ ಸಿಗದೆ ಹೋಗಬಹುದು, ಆ ಫೈಲಿನಲ್ಲಿಟ್ಟರೆ ಸಿಕ್ಕೇ ಸಿಗುತ್ತದೆ.

ಮಗಳ ವಿಷಯ. "ನಾನು ಸತ್ತಾಗ" ಎಂದು ಶುರುಮಾಡಿದರೆ ಅವಳು ಬಿಡ್ತು ಅನ್ನು ಎಂದೇ ಅನ್ನುತ್ತಾಳೆ, ಅದು ಪ್ರೀತಿಯ ಮಾತು, ತಪ್ಪು ತಿಳಿಯಬೇಡಿ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಪಟ್ಟಿಯನ್ನು ಅವಳ ಮುಂದಿಟ್ಟು "ಇವು ನನ್ನ 40 ಹಾಡು, ನಿನಗೆ ಇಷ್ಟವಿಲ್ಲದ್ದಕ್ಕೆ, ನೀನೇ ಇಟ್ಟುಕೊಳ್ಳಬೇಕು ಅನ್ನಿಸಿದ್ದಕ್ಕೆ ಗೆರೆ ಎಳಿ" ಎನ್ನಿ. ಏಕೆ ಎಂದು ಅವಳು ಕೇಳದಿದ್ದರೂ ಅರ್ಥವಾಗಿರುತ್ತದೆ. ಅವಳು ಗೆರೆ ಎಳೆದು ಉಳಿಸಿದ 15ನ್ನು ಒಟ್ಟಿಗೆ ಕೂತು ಒಂದು ಸಲ ಪೂರ್ತಿ ಕೇಳಿ, ಆ ಸ್ಪೀಕರಿನಲ್ಲೇ, ಆ ಹಾಲ್‌ನಲ್ಲೇ. ಎಲ್ಲಿ ಜೋರಾಯಿತು, ಎಲ್ಲಿ ಚಪ್ಪಾಳೆ ಉಳಿದಿದೆ ಎಂದು ಆಗಲೇ ಗೊತ್ತಾಗುತ್ತದೆ. ಆಮೇಲೆ ವರ್ಷಕ್ಕೊಮ್ಮೆ, ಗೌರಿ ಹಬ್ಬದ ಮುಂಚೆ ಮನೆ ಗುಡಿಸಿ ಸಾರಿಸುವ ದಿನ, ಪೆನ್‌ಡ್ರೈವ್ ಹಾಕಿ ನೋಡಿ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಪೆನ್‌ಡ್ರೈವಿನಲ್ಲಿ ಫೈಲು ಕೆಡುವುದುಂಟು. ಪ್ರತಿ ಮೂರು ವರ್ಷಕ್ಕೆ ಹೊಸದಕ್ಕೆ ಕಾಪಿ ಮಾಡಿಸಿ, ಕಾಗದದ ಕೆಳಗೆ ಹೊಸ ತಾರೀಖು ಹಾಕಿ ಸಹಿ ಮಾಡಿ.